ಭೀಮಾತೀರದಲ್ಲಿ ಹಣ, ಬಡತನ ಮತ್ತು ಮದುವೆಯ ಆಯ್ಕೆ: ದೌಂಡ ಪರಿಸರವನ್ನು ಆಧರಿಸಿದ ಒಂದು ವಿವೇಚನೆ

1. ಪ್ರವೇಶ

ಮದುವೆಯು ಎರಡು ಜೀವಗಳ ಕೂಡುವಿಕೆ ಎಂಬುದು ಎಷ್ಟು ನಿಜವೋ, ಅದು ಎರಡು ಮನೆತನಗಳ ನಡುವಣ ಕೊಡುಕೊಳೆಯೆಂಬುದೂ ಅಷ್ಟೇ ನಿಜ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದೆ. ಆದರೆ ಗಾದೆ ಹೇಳದೆ ಬಿಟ್ಟ ಮಾತೊಂದಿದೆ. ಮನೆ ಕಟ್ಟಿದವನ ಹಣ ಮನೆಯಾಗಿ ಅವನ ಬಳಿಯಲ್ಲೇ ನಿಲ್ಲುತ್ತದೆ. ಮದುವೆಯಲ್ಲಿ ಹಣವು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಅದು ಯಾರ ಮನೆಯಿಂದ ಯಾರ ಮನೆಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಕಾಲ, ಪ್ರದೇಶ ಮತ್ತು ಜಾತಿಗಳಿಗೆ ಅನುಗುಣವಾಗಿ ಬೇರೆ ಬೇರೆ ಉತ್ತರಗಳಿವೆ.

ಬಡವರು ಹೆಣ್ಣುಮಕ್ಕಳನ್ನು ಬೇಗ ಮದುವೆ ಮಾಡಿಕೊಡುತ್ತಾರೆ ಎಂಬುದು ಸಾಮಾನ್ಯ ಗ್ರಹಿಕೆ. ಈ ಹೇಳಿಕೆ ಅರ್ಧ ಮಾತ್ರ ಸತ್ಯ. ಬಡತನವು ಒಂದೆಡೆ ಮದುವೆಯನ್ನು ಅವಸರಿಸುತ್ತದೆ, ಇನ್ನೊಂದೆಡೆ ಅದೇ ಬಡತನವು ಮದುವೆಯನ್ನು ತಡೆಹಿಡಿಯುತ್ತದೆ. ಒಂದೆಡೆ ಹತ್ತಿರದ ನಂಟನ್ನು ಆರಿಸುತ್ತದೆ, ಇನ್ನೊಂದೆಡೆ ದೂರದ ಊರನ್ನು. ಈ ವ್ಯತ್ಯಾಸಕ್ಕೆ ಬಡತನದ ಪ್ರಮಾಣಕ್ಕಿಂತ ಹಣ ಹರಿಯುವ ದಿಕ್ಕು ಮುಖ್ಯ ಕಾರಣವೆಂಬುದು ಈ ಲೇಖನದ ಪ್ರತಿಪಾದನೆ. ಪುಣೆ ಜಿಲ್ಲೆಯ ದೌಂಡದಿಂದ ಕೆಳಕ್ಕೆ ವಿಜಯಪುರ, ಕಲಬುರಗಿಗಳವರೆಗಿನ ಭೀಮಾ ಕಣಿವೆಯನ್ನು ಆಧಾರವಾಗಿಟ್ಟುಕೊಂಡು ಇದನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಪ್ರದೇಶದ ಹಿನ್ನೆಲೆ

ದೌಂಡವು ಭೀಮಾ ನದಿಯ ದಡದಲ್ಲಿರುವ ತಾಲ್ಲೂಕು ಕೇಂದ್ರ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1858ರಲ್ಲಿ ಪುಣೆಗೂ 1860ರಲ್ಲಿ ಸೊಲ್ಲಾಪುರಕ್ಕೂ ಮುಟ್ಟಿತು. ಅದೇ ಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲ್ವೆಯನ್ನು ಕೂಡಿತು. ದೌಂಡದಿಂದ ಮನಮಾಡಕ್ಕೆ ಹೋಗುವ ಮಾರ್ಗ ತೆರೆದದ್ದು 1878ರಲ್ಲಿ. ಕಲಬುರಗಿ, ಯಾದಗಿರಿ ಕಡೆಯಿಂದ ನೇರವಾಗಿಯೂ, ವಿಜಯಪುರದ ಕಡೆಯಿಂದ ಹೊಟಗಿಯ ಮೂಲಕವೂ ಕೂಲಿಯನ್ನರಸಿ ಪುಣೆ-ಮುಂಬಯಿಗಳಿಗೆ ಹೋಗುವ ಕನ್ನಡಿಗರು ಹಾಯುವುದು ಈ ದಾರಿಯನ್ನೇ. ನಡುವಣ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ, ಸಾಂಗಲಿ ಜಿಲ್ಲೆಯ ಜತ್ತದಲ್ಲಿ ಕನ್ನಡವು ಇಂದಿಗೂ ಮನೆಮಾತು. ದೌಂಡದ ಸುತ್ತಣ ಸೀಮೆಯನ್ನು ಹಿಂದೆ 'ಭೀಮಥಡಿ' ಎಂದು ಕರೆಯುತ್ತಿದ್ದರು. ಹೆಸರಿನ ಉತ್ತರಪದವನ್ನು ತಿಳಿಯಲು ಕನ್ನಡಿಗನಿಗೆ ನಿಘಂಟು ಬೇಕಾಗದು, ನಮ್ಮ 'ತಡಿ'ಯೇ ಅದು.

ಈ ಸೀಮೆ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಖಡಕವಾಸಲಾ ಕಾಲುವೆಯ ನೀರು ಬಂದ ಕಡೆ ಕಬ್ಬು, ಬಾರದ ಕಡೆ ಜೋಳ-ಸಜ್ಜೆ. 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದ ಹಿನ್ನೀರು ದೌಂಡ ತಾಲ್ಲೂಕಿನವರೆಗೂ ಚಾಚಿದೆ. ಪಾಟಸದಲ್ಲಿ ಭೀಮಾ ಸಹಕಾರಿ ಸಕ್ಕರೆ ಕಾರ್ಖಾನೆ, ಕುರಕುಂಭದಲ್ಲಿ ರಾಸಾಯನಿಕ ಕೈಗಾರಿಕೆಗಳ ವಸಾಹತು ಇವೆ. ಹೀಗೆ ಮಳೆಯನ್ನು ನೆಚ್ಚಿದ ಹೊಲ, ಕಾಲುವೆಯ ಕಬ್ಬು, ತಿಂಗಳ ಸಂಬಳದ ನೌಕರಿ ಎಂಬ ಮೂರು ಬಗೆಯ ಬದುಕುಗಳು ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕದಲ್ಲಿವೆ. ಮದುವೆಯ ಮಾತುಕತೆ ನಡೆಯುವುದು ಈ ಮೂರರ ನಡುವಣ ಅಂತರವನ್ನು ಅಳೆದೇ.

3. ತೆರದಿಂದ ವರದಕ್ಷಿಣೆಗೆ

ವರನ ಕಡೆಯವರು ವಧುವಿನ ತಂದೆಗೆ ಕೊಡುತ್ತಿದ್ದ ಹಣಕ್ಕೆ ಕನ್ನಡದಲ್ಲಿ 'ತೆರ' ಎಂದು ಹೆಸರು. 'ತೆರು' ಎಂಬ ಧಾತುವಿನಿಂದ ಹುಟ್ಟಿದ ಈ ಪದವು 'ತೆರಿಗೆ'ಯ ಒಡಹುಟ್ಟು. ಒಕ್ಕಲುತನ, ಕುರಿಗಾರಿಕೆ ಮತ್ತು ಕಸುಬುಗಳನ್ನು ನೆಚ್ಚಿದ ಅನೇಕ ಸಮುದಾಯಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಇದು ರೂಢಿಯಲ್ಲಿತ್ತು. ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತು 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೆರದ ವಿವರಗಳಿವೆ. ಕಳೆ ಕೀಳುವ, ಬೆಳೆ ಕೊಯ್ಯುವ, ದನ ಮೇಯಿಸುವ ಎರಡು ಕೈಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಕಳೆದುಕೊಂಡ ಮನೆಗೆ ಪಡೆದುಕೊಂಡ ಮನೆ ತೆರಬೇಕು ಎಂಬುದು ಇದರ ಹಿಂದಿನ ತರ್ಕ. ಹೆಣ್ಣಿನ ದುಡಿಮೆಗೆ ಬೆಲೆಯಿತ್ತೆಂಬುದನ್ನು ತೆರವು ಒಪ್ಪಿಕೊಂಡಿತ್ತು.

ಆದರೆ ತೆರದ ಕಾಲವನ್ನು ಹೆಣ್ಣಿನ ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ತೆರವು ಸಲ್ಲುತ್ತಿದ್ದುದು ತಂದೆಗೆ, ಮಗಳಿಗಲ್ಲ. ಬಡ ತಂದೆಯು ಹಣವಂತ ಮುದುಕನಿಗೆ ಎಳೆಯ ಮಗಳನ್ನು ಕೊಡುವ 'ಕನ್ಯಾವಿಕ್ರಯ'ವು ಬ್ರಾಹ್ಮಣ ಕುಟುಂಬಗಳಲ್ಲಿಯೂ ಇತ್ತೆಂಬುದಕ್ಕೆ ಸಾಹಿತ್ಯವೇ ಸಾಕ್ಷಿ. ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ' (1887), ತೆಲುಗಿನಲ್ಲಿ ಗುರಜಾಡ ಅಪ್ಪಾರಾವ್ ಅವರ 'ಕನ್ಯಾಶುಲ್ಕಂ' (1897), ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರ 'ಸಂಗೀತ ಶಾರದಾ' (1899) ಎಂಬ ಮೂರು ನಾಟಕಗಳು ಮೂರು ನೆರೆನುಡಿಗಳಲ್ಲಿ ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ಪಿಡುಗನ್ನು ಕೈಗೆತ್ತಿಕೊಂಡುದು ಆಕಸ್ಮಿಕವಲ್ಲ.

ಮುಂದಿನ ಐವತ್ತು-ಅರವತ್ತು ವರ್ಷಗಳಲ್ಲಿ ಪ್ರವಾಹದ ದಿಕ್ಕೇ ತಿರುಗಿತು. 1961ರಲ್ಲಿ ಸಂಸತ್ತು ವರದಕ್ಷಿಣೆಯನ್ನು ನಿಷೇಧಿಸಬೇಕಾಯಿತು. ಈ ತಿರುವಿಗೆ ಹಲವು ಕಾರಣಗಳನ್ನು ಹೇಳಲಾಗಿದೆ. ಇಂದಿನ ವರದಕ್ಷಿಣೆಯು ಹಳೆಯ ಸ್ತ್ರೀಧನದ ಮುಂದುವರಿಕೆಯಲ್ಲ, ನಗದು ವ್ಯವಹಾರ ಮತ್ತು ಸಂಬಳದ ನೌಕರಿಗಳು ಹುಟ್ಟಿಸಿದ ಹೊಸ ಪದ್ಧತಿಯೆಂದು ಶ್ರೀನಿವಾಸ್ ಅವರು 1984ರಲ್ಲಿ ವಾದಿಸಿದರು. ಕರ್ನಾಟಕದ ಗ್ರಾಮಗಳಲ್ಲಿ ಅಧ್ಯಯನ ನಡೆಸಿದ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರು 1983ರಲ್ಲಿ ಇನ್ನೊಂದು ಅಂಶವನ್ನು ಸೇರಿಸಿದರು. ಜನಸಂಖ್ಯೆ ಏರುತ್ತಿರುವಾಗ ಪ್ರತಿ ತಲೆಮಾರೂ ಹಿಂದಿನದಕ್ಕಿಂತ ದೊಡ್ಡದು. ತಮಗಿಂತ ಹಿರಿಯರನ್ನು ಮದುವೆಯಾಗುವ ಹೆಣ್ಣುಗಳ ಸಂಖ್ಯೆಗೆ ಹೋಲಿಸಿದರೆ ವರರು ವಿರಳರಾಗುತ್ತಾರೆ.

ದೌಂಡದಂತಹ ಊರಿನಲ್ಲಿ ಶ್ರೀನಿವಾಸ್ ಅವರ ಮಾತು ಕಣ್ಣಿಗೆ ಕಟ್ಟುತ್ತದೆ. ಮಳೆನೆರಳಿನ ನಾಡಿನಲ್ಲಿ ತಪ್ಪದೆ ಬರುವ ಆದಾಯವೆಂದರೆ ತಿಂಗಳ ಸಂಬಳ ಒಂದೇ. ರೈಲ್ವೆಯಲ್ಲಿಯೋ ಕಾರ್ಖಾನೆಯಲ್ಲಿಯೋ ನೌಕರಿ ಇರುವ ವರನಿಗೆ ಮರಾಠಿ ಮತ್ತು ಗಡಿಗನ್ನಡದ ಜನ 'ಹುಂಡಾ' ಎಂದು ಕೊಡುವುದು, ಒಂದರ್ಥದಲ್ಲಿ, ಬರಗಾಲಕ್ಕೆ ಜಗ್ಗದ ಆ ವರಮಾನಕ್ಕೆ ಕಟ್ಟಿದ ಬೆಲೆ. ಅಷ್ಟು ಕೊಡಲಾರದವನ ಮಗಳಿಗೆ ಹೊಲವಿದ್ದೂ ನೀರಿಲ್ಲದ ಮನೆಯೋ, ಹೆಂಡತಿ ತೀರಿದವನ ಮನೆಯೋ, ದೂರದ ಕೂಲಿಕಾರನ ಗುಡಿಸಲೋ ಉಳಿಯುತ್ತದೆ.

4. ಹತ್ತಿರದ ನಂಟು, ದೂರದ ನಂಟು

ವರದಕ್ಷಿಣೆಯ ಹೊರೆಯನ್ನು ತಪ್ಪಿಸಿಕೊಳ್ಳಲು ಬಡ ಕುಟುಂಬಗಳಿಗೆ ಇರುವ ಹಳೆಯ ದಾರಿ ಒಳನಂಟು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಬಂಧುತ್ವದ ಅಧ್ಯಯನದಲ್ಲಿ ಮಹಾರಾಷ್ಟ್ರವನ್ನು ಮಧ್ಯ ವಲಯಕ್ಕೂ ಕರ್ನಾಟಕವನ್ನು ದಕ್ಷಿಣ ವಲಯಕ್ಕೂ ಸೇರಿಸಿದ್ದಾರೆ. ಮರಾಠಿ ಸಮುದಾಯಗಳಲ್ಲಿ ಸೋದರಮಾವನ ಮಗಳನ್ನು ತರುವುದು ರೂಢಿ. ಕನ್ನಡ ಸಮುದಾಯಗಳಲ್ಲಿ ಅದರೊಂದಿಗೆ ಅಕ್ಕನ ಮಗಳನ್ನು ತಮ್ಮನೇ ಮದುವೆಯಾಗುವ ಪದ್ಧತಿಯೂ ಉಂಟು. ಭೀಮೆಯ ನೀರು ಹರಿದಂತೆ ಈ ಎರಡು ವಲಯಗಳೂ ಒಂದರೊಳಗೊಂದು ಹರಿಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೆ ನಡೆದವು.

ಒಳನಂಟಿನಲ್ಲಿ ಕೊಡುಕೊಳೆಯ ಲೆಕ್ಕ ಸಡಿಲ. ಅಕ್ಕನಿಗೆ ತವರು ಹಿಂದೆ ಕೊಟ್ಟದ್ದು ಅವಳ ಮಗಳ ಮೂಲಕ ತವರಿಗೇ ಮರಳುತ್ತದೆ. ಹೊಲ ಹರಿದು ಹಂಚಿಹೋಗುವುದಿಲ್ಲ. ಮನೆಯ ಬಡತನ ಪರರ ಮುಂದೆ ಬಯಲಾಗುವುದಿಲ್ಲ. ಎರಡು ಮನೆಗಳ ಅಣ್ಣ-ತಂಗಿಯರನ್ನು ಪರಸ್ಪರ ಕೊಟ್ಟು ತರುವ ಪದ್ಧತಿಯೂ (ಮರಾಠಿಯಲ್ಲಿ 'ಸಾಟೆಲೋಟೆ') ಇದೇ ಉದ್ದೇಶದ್ದು. ಎರಡೂ ಕಡೆಯ ಬಾಕಿ ಒಂದೇ ದಿನ ಚುಕ್ತಾ ಆಗುತ್ತದೆ. ಆದರೆ ಇಲ್ಲಿ ಹುಡುಗಿಯ ಆಯ್ಕೆಗೆ ಎಡೆಯೇ ಇಲ್ಲ. ತೊಟ್ಟಿಲಲ್ಲಿರುವಾಗಲೇ ನಿಶ್ಚಯವಾದ ಸಂಬಂಧವನ್ನು ಬೇಡವೆನ್ನುವವಳು ವರನನ್ನಷ್ಟೇ ಅಲ್ಲ, ತಾಯಿಯ ತವರನ್ನೂ ಬೇಡವೆಂದಂತಾಗುತ್ತದೆ. ಸಾಟಿ ಮದುವೆಯಲ್ಲಿ ಒಂದು ಮನೆಯ ಸೊಸೆಗೆ ಕಷ್ಟವಾದರೆ ಇನ್ನೊಂದು ಮನೆಯ ಸೊಸೆಯೂ ಕಣ್ಣೀರಿಡಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ತಂತ್ರವೂ ಇದೇ ಕಣಿವೆಯಲ್ಲಿ ಕಂಡುಬಂದಿದೆ. ಹೈದರಾಬಾದಿನ ಬಳಿಯ ಅಂತರರಾಷ್ಟ್ರೀಯ ಒಣಬೇಸಾಯ ಸಂಶೋಧನ ಸಂಸ್ಥೆಯಾದ ಇಕ್ರಿಸ್ಯಾಟ್ 1975ರಲ್ಲಿ ಆರಂಭಿಸಿದ ಗ್ರಾಮಾಧ್ಯಯನಕ್ಕೆ ಆರಿಸಿದ ಆರು ಹಳ್ಳಿಗಳಲ್ಲಿ ಸೊಲ್ಲಾಪುರ ಜಿಲ್ಲೆಯ ಶಿರಾಪುರ ಮತ್ತು ಕಲಮಣ ಎರಡು. ಈ ಅಧ್ಯಯನದ ಅಂಕಿಗಳನ್ನು ಆಧರಿಸಿ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ ಅವರು 1989ರಲ್ಲಿ ಗಮನಾರ್ಹವಾದ ಒಂದು ನಿರ್ಣಯಕ್ಕೆ ಬಂದರು. ರೈತ ಕುಟುಂಬಗಳು ಹೆಣ್ಣುಮಕ್ಕಳನ್ನು ದೂರದ ಬೇರೆ ಬೇರೆ ಊರುಗಳಿಗೆ ಕೊಡುವುದರಲ್ಲಿ ಒಂದು ವಿವೇಕವಿದೆ: ಮಳೆ ಎಲ್ಲೆಡೆ ಒಂದೇ ವರ್ಷ ಕೈಕೊಡುವುದಿಲ್ಲ, ಇಲ್ಲಿ ಬರ ಬಿದ್ದಾಗ ಅಲ್ಲಿಯ ಬೀಗರು ನೆರವಾಗುತ್ತಾರೆ. ಇಂತಹ ನಂಟುಗಳಿರುವ ಮನೆಗಳಲ್ಲಿ ಬೆಳೆ ಏರಿಳಿದರೂ ಊಟದ ಏರಿಳಿತ ಕಡಿಮೆ.

ಹತ್ತಿರದ ನಂಟು ಹಣವನ್ನು ಉಳಿಸುತ್ತದೆ, ದೂರದ ನಂಟು ಮಳೆಯ ಅಪಾಯವನ್ನು ಹಂಚುತ್ತದೆ. ಎರಡರಲ್ಲಿಯೂ ಮಗಳೇ ಮನೆತನದ ವಿಮೆ. ಭೀಮಾತೀರದ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದಲ್ಲಿ ತವರಿನ ಹಂಬಲ ಅಷ್ಟು ದಟ್ಟವಾಗಿರುವುದನ್ನು ಈ ಬೆಳಕಿನಲ್ಲಿಯೂ ಓದಬಹುದು. ಅಂಕಿಅಂಶಗಳು ನಂಟಿನ ಲಾಭವನ್ನು ಎಣಿಸುತ್ತವೆ. ಆ ಲಾಭಕ್ಕಾಗಿ ದೂರ ಹೋದವಳ ದನಿ ಉಳಿದಿರುವುದು ಹಾಡಿನಲ್ಲಿ.

5. ಒಂದು ಹೋಲಿಕೆ: ಸೋಮಾಲಿ ಸಮಾಜ

ಹಣದ ದಿಕ್ಕಿನ ಮಹತ್ವವು ಸ್ಪಷ್ಟವಾಗಬೇಕಾದರೆ ತೆರವು ಇಂದಿಗೂ ಜೀವಂತವಾಗಿರುವ ಸಮಾಜವೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ಆಫ್ರಿಕದ ಪೂರ್ವ ಕೋಡಿನ ಸೋಮಾಲಿಗಳು ಭೀಮಾತೀರದ ಜನರಂತೆಯೇ ಅನಿಶ್ಚಿತ ಮಳೆಯನ್ನು ನೆಚ್ಚಿದವರು. ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ ಅವರು ಉತ್ತರ ಸೋಮಾಲಿಲ್ಯಾಂಡಿನ ಮದುವೆ ಮತ್ತು ಕುಟುಂಬವನ್ನು ಕುರಿತ ಅಧ್ಯಯನವನ್ನು 1962ರಲ್ಲಿ ಪ್ರಕಟಿಸಿದರು. ಅಲ್ಲಿ ವರನ ಬಂಧುಗಳು ವಧುವಿನ ಬಂಧುಗಳಿಗೆ ಕೊಡುವ 'ಯರದ್' ನಮ್ಮ ತೆರಕ್ಕೆ ಸಮಾನ. ಸಂಪ್ರದಾಯದಂತೆ ಅದು ಒಂಟೆ ಮೊದಲಾದ ಪಶುಗಳ ರೂಪದಲ್ಲಿ ಸಲ್ಲುತ್ತಿತ್ತು. ವಧುವಿನ ಮನೆಯವರು ಗುಡಾರವನ್ನೂ ಗೃಹೋಪಯೋಗಿ ವಸ್ತುಗಳನ್ನೂ 'ದಿಬಾದ್' ಎಂದು ಮರಳಿ ಕೊಡುತ್ತಾರೆ. ಇವೆರಡರಿಂದ ಬೇರೆಯಾದ 'ಮೆಹರ್' ಇಸ್ಲಾಮೀ ಕಾನೂನಿನಂತೆ ವಧುವಿಗೇ ಸೇರತಕ್ಕದ್ದು. ಉತ್ತರದ ಪಶುಪಾಲಕರು ತಮ್ಮ ಹತ್ತಿರದ ಕುಲದ ಹೊರಗೆ ಹೆಣ್ಣು ತಂದು ನೀರು-ಹುಲ್ಲುಗಳಿಗಾಗಿ ನಂಟನ್ನು ಹರಡುತ್ತಾರೆ. ದಕ್ಷಿಣದ ಬೇಸಾಯಗಾರರಲ್ಲಿ ಬಂಧುಗಳೊಳಗಿನ ಮದುವೆಗೆ ಒಲವು ಹೆಚ್ಚು. ಶಿರಾಪುರದ ರೈತನ ಲೆಕ್ಕವೂ ಸೋಮಾಲಿ ಪಶುಪಾಲಕನ ಲೆಕ್ಕವೂ ಇಲ್ಲಿ ಒಂದೇ.

ಆದರೆ ಬರ ಬಿದ್ದಾಗ ಎರಡು ಸಮಾಜಗಳೂ ಬೇರೆಯಾಗುತ್ತವೆ. 2020ರ ಕೊನೆಯಿಂದ ಸತತವಾಗಿ ಐದು ಮಳೆಗಾಲಗಳು ವಿಫಲವಾದಾಗ ಆ ಭಾಗದಲ್ಲಿ ಬಾಲ್ಯವಿವಾಹಗಳು ಹೆಚ್ಚಿದವೆಂದು ಯುನಿಸೆಫ್ ಎಚ್ಚರಿಸಿತು. ಮಂದೆ ಸತ್ತ ಮನೆಗೆ ಮಗಳ ಯರದ್ ಕೊನೆಯ ಆದಾಯ. ಲೂಸಿಯಾ ಕೊರ್ನೊ, ನಿಕೋಲ್ ಹಿಲ್ಡೆಬ್ರಾಂಟ್ ಮತ್ತು ಅಲೆಸ್ಸಾಂಡ್ರಾ ವೊಯೆನಾ ಅವರು 2020ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನವು ಇದನ್ನೇ ಸಾಮಾನ್ಯ ಸೂತ್ರವಾಗಿ ನಿರೂಪಿಸಿದೆ: ತೆರವು ರೂಢಿಯಲ್ಲಿರುವ ಸಹಾರಾದ ದಕ್ಷಿಣದ ಆಫ್ರಿಕದಲ್ಲಿ ಅನಾವೃಷ್ಟಿಯು ಹುಡುಗಿಯರ ಬೇಗನೆಯ ಮದುವೆಯನ್ನು ಹೆಚ್ಚಿಸುತ್ತದೆ, ವರದಕ್ಷಿಣೆಯ ಭಾರತದಲ್ಲಿ ಅದೇ ಅನಾವೃಷ್ಟಿಯು ಅದನ್ನು ಕಡಿಮೆ ಮಾಡುತ್ತದೆ. ಬರ ಒಂದೇ, ಹಸಿವು ಒಂದೇ. ಒಂದು ಕಡೆ ಮದುವೆಯಿಂದ ಹಣ ಬರುತ್ತದೆ, ಇನ್ನೊಂದು ಕಡೆ ಮದುವೆಗೆ ಹಣ ಬೇಕಾಗುತ್ತದೆ.

6. ಕೊಯ್ತಾ: ಸೂತ್ರವನ್ನು ಮೀರಿದ ಒಂದು ನಿದರ್ಶನ

ಈ ಸೂತ್ರವನ್ನು ಭೀಮಾತೀರಕ್ಕೆ ಅನ್ವಯಿಸಿದಾಗ ಒಂದು ವಿರೋಧಾಭಾಸ ಎದುರಾಗುತ್ತದೆ. ಹುಂಡಾ ಪದ್ಧತಿ ಬಲವಾಗಿರುವ ಇದೇ ನಾಡಿನಲ್ಲಿ, ಕಬ್ಬು ಕಡಿಯುವ ಕುಟುಂಬಗಳು ಮಾತ್ರ ಬರಗಾಲದಲ್ಲಿ ಮಕ್ಕಳ ಮದುವೆಯನ್ನು ಅವಸರಿಸುತ್ತವೆ. ಕಾರಣವನ್ನು ಕಬ್ಬಿನ ಗದ್ದೆಯ ಕೂಲಿ ಪದ್ಧತಿಯಲ್ಲಿ ಹುಡುಕಬೇಕು.

ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಬೀಡ್, ಅಹಿಲ್ಯಾನಗರ (ಹಿಂದಿನ ಅಹಮದನಗರ), ಜಾಲನಾ ಮೊದಲಾದ ಜಿಲ್ಲೆಗಳಿಂದ ಪ್ರತಿ ವರ್ಷ ಲಕ್ಷಾಂತರ ಜನ ವಲಸೆ ಬರುತ್ತಾರೆ. ವಿಜಯಪುರ, ಕಲಬುರಗಿ ಜಿಲ್ಲೆಗಳ ಲಂಬಾಣಿ ತಾಂಡಾಗಳಿಂದಲೂ ಕುಟುಂಬಗಳು ಕಬ್ಬಿನ ಸೀಮೆಗಳಿಗೆ ಹೊರಡುತ್ತವೆ. ದೀಪಾವಳಿಯ ಆಸುಪಾಸಿನಲ್ಲಿ ಹೊರಟವರು ಊರಿಗೆ ಮರಳುವುದು ಬೇಸಗೆಗೆ. ಇವರನ್ನು ಕೂಡಿಸಿ ತರುವವನು ಮುಕಾದಮ. ಅವನು ಹಂಗಾಮಿಗೆ ಮೊದಲೇ ಮುಂಗಡ ಹಣ ಕೊಡುತ್ತಾನೆ. ಇದಕ್ಕೆ 'ಉಚಲ' ಎಂದು ಹೆಸರು. ಕಡಿದ ಕಬ್ಬಿನ ಟನ್ನುಗಳ ಲೆಕ್ಕದಲ್ಲಿ ಅದು ತೀರಬೇಕು; ತೀರದೆ ಉಳಿದ ಬಾಕಿ ಮುಂದಿನ ವರ್ಷಕ್ಕೆ ದಾಟುತ್ತದೆ.

ಇಲ್ಲಿ ಗಮನಿಸಬೇಕಾದುದು ಎಣಿಕೆಯ ಘಟಕ. ಮುಕಾದಮನು ಆಳುಗಳನ್ನು ಎಣಿಸುವುದಿಲ್ಲ, 'ಕೊಯ್ತಾ'ಗಳನ್ನು ಎಣಿಸುತ್ತಾನೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ರೂಢಿಯಲ್ಲಿ ಗಂಡ-ಹೆಂಡತಿಯರ ಜೋಡಿ. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ ಸಿವುಡು ಕಟ್ಟಿ ಹೊರುತ್ತಾಳೆ. ಒಂಟಿ ಆಳು ಕೇವಲ 'ಅರ್ಧ ಕೊಯ್ತಾ'. ಅವಿವಾಹಿತ ಮಗನಿಗೆ ಪೂರ್ಣ ಉಚಲ ಸಿಗುವುದಿಲ್ಲ; ಮದುವೆಯಾದರೆ ಅದೇ ಮನೆಗೆ ಇನ್ನೊಂದು ಕೊಯ್ತಾ ಕೂಡುತ್ತದೆ. ಹೀಗಾಗಿ ಮದುವೆಯ ಸಾಲವನ್ನು ಮದುವೆಯಿಂದಲೇ ದೊರೆಯುವ ಉಚಲದಿಂದ ತೀರಿಸುವ ಲೆಕ್ಕಾಚಾರ ಹುಟ್ಟಿಕೊಂಡಿತು. ಹೆಣ್ಣು ಹೆತ್ತವರ ಚಿಂತೆ ಬೇರೆ. ಆರು ತಿಂಗಳು ಗದ್ದೆಯ ಬದಿಯ ಗುಡಿಸಲಿನಲ್ಲಿ ಬೆಳೆದ ಮಗಳನ್ನು ಇಟ್ಟುಕೊಳ್ಳಲು ಭಯ, ಊರಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲೂ ಭಯ. ಮದುವೆಯೊಂದೇ ಅವರಿಗೆ ಕಾಣುವ ಪರಿಹಾರ. ಹದಿನೈದು-ಹದಿನಾರರ ಹುಡುಗಿಯು ಶಾಲೆಯನ್ನು ಬಿಟ್ಟು ಅರ್ಧ ಕೊಯ್ತಾವನ್ನು ಪೂರ್ತಿ ಮಾಡಲು ಹೋಗುತ್ತಾಳೆ.

ಈ ನಿದರ್ಶನವು ಸೂತ್ರವನ್ನು ಅಲ್ಲಗಳೆಯುವುದಿಲ್ಲ, ಬಲಪಡಿಸುತ್ತದೆ. ಹೊರನೋಟಕ್ಕೆ ಹುಂಡಾ ಪದ್ಧತಿ ಉಳಿದಿದ್ದರೂ, ಉಚಲದ ಮೂಲಕ ಮದುವೆಯು ಹಣವನ್ನು ತರುವ ಸಾಧನವಾಗಿದೆ. ಅದು ತೆರದಂತೆ ಹೆಣ್ಣಿನ ದುಡಿಮೆಗೆ ಕಟ್ಟಿದ ಬೆಲೆಯೇ. ವ್ಯತ್ಯಾಸವಿಷ್ಟೆ: ತೆರವು ಹೆತ್ತವರ ಕೈ ಸೇರುತ್ತಿತ್ತು, ಉಚಲವು ಗಂಡನ ಹೆಸರಿನಲ್ಲಿ ಸಾಲವಾಗಿ ಬರೆಯಲ್ಪಡುತ್ತದೆ. ದುಡಿದವಳ ಹೆಸರು ಎರಡರಲ್ಲಿಯೂ ಇಲ್ಲ.

7. ಸಾಲ ಮತ್ತು ಕಾನೂನು

ಬಡವರ ಸಾಲಕ್ಕೆ ಅವರ ಮದುವೆಯ ದುಂದುಗಾರಿಕೆಯೇ ಕಾರಣವೆಂಬ ಟೀಕೆ ಹಳೆಯದು. 1875ರ ಮೇ 12ರಂದು ಭೀಮಥಡಿ ತಾಲ್ಲೂಕಿನ ಸುಪೆಯಲ್ಲಿ ರೈತರು ಸಾಹುಕಾರರ ಪತ್ರಗಳನ್ನು ಸುಟ್ಟರು. ಈ ದಖನ್ ದಂಗೆಗಳ ಕಾರಣವನ್ನು ಶೋಧಿಸಿದ ಆಯೋಗವು ಈ ಟೀಕೆಯನ್ನೂ ಪರೀಕ್ಷಿಸಿತು. ಮದುವೆ ಮುಂತಾದ ಸಮಾರಂಭಗಳ ವೆಚ್ಚಕ್ಕೆ ಅತಿಯಾದ ಪ್ರಾಧಾನ್ಯ ಕೊಡಲಾಗಿದೆ, ಆಹಾರ, ಬೀಜ, ಎತ್ತು ಮತ್ತು ಕಂದಾಯಕ್ಕಾಗಿ ಪದೇ ಪದೇ ಮಾಡುವ ಸಣ್ಣ ಸಾಲಗಳೇ ಹೊರೆಯನ್ನು ಬೆಳೆಸುತ್ತವೆ ಎಂಬುದು ಅದರ ಅಭಿಪ್ರಾಯ. ಮದುವೆಯ ವೆಚ್ಚವನ್ನು ಮಾತ್ರ ತಗ್ಗಿಸಿದರೆ ಸಮಸ್ಯೆ ತೀರುವುದಿಲ್ಲವೆಂಬುದಕ್ಕೆ ಇದು ಹಳೆಯ ಪುರಾವೆ. 1972ರಲ್ಲಿ ಧರ್ಮಸ್ಥಳದಲ್ಲಿ ಆರಂಭವಾದ ಸಾಮೂಹಿಕ ವಿವಾಹಗಳು ಮತ್ತು ಅವುಗಳ ಮಾದರಿಯಲ್ಲಿ ನಡೆದ ಅನೇಕ ಪ್ರಯತ್ನಗಳು ಊಟ, ಚಪ್ಪರ, ಬಟ್ಟೆಬರೆಗಳ ಭಾರವನ್ನು ಇಳಿಸಿವೆ. ಇದು ಸಣ್ಣ ಉಪಕಾರವಲ್ಲ. ಆದರೆ ಬೀಗರ ನಡುವಣ ಗುಟ್ಟಿನ ಮಾತುಕತೆಯನ್ನು ಚಪ್ಪರದ ಉಳಿತಾಯ ಮುಟ್ಟಲಾರದು.

ಕಾನೂನು ಹಣದ ದಿಕ್ಕನ್ನೇ ಬದಲಿಸಲು ಯತ್ನಿಸಿದ್ದು ಆಸ್ತಿಹಕ್ಕಿನ ಮೂಲಕ. ಮಹಾರಾಷ್ಟ್ರ ಮತ್ತು ಕರ್ನಾಟಕಗಳೆರಡೂ 1994ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿದವು; 2005ರಲ್ಲಿ ಇದು ದೇಶದ ಕಾನೂನಾಯಿತು. ವರದಕ್ಷಿಣೆಯನ್ನು 'ಅವಳ ಪಾಲು' ಎಂದು ಸಮರ್ಥಿಸುವ ವಾದ ಇದರಿಂದ ಬಿದ್ದುಹೋಗಬೇಕಾಗಿತ್ತು. ವಾಸ್ತವದಲ್ಲಿ ಹುಂಡಾ ಕೊಟ್ಟ ಮೇಲೂ, ತಂದೆ ತೀರಿದ ತರುವಾಯ, ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನದಿಯ ಮೇಲೂ ಕೆಳಗೂ ಸಾಮಾನ್ಯ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯು ಕಾನೂನಿಗಿಂತ ಬಲವಾದುದು.

2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು ತಂದ ತಿದ್ದುಪಡಿಯಂತೆ ಬಾಲ್ಯವಿವಾಹಗಳು ಆರಂಭದಿಂದಲೇ ಅಸಿಂಧು. ಆದರೂ 2019–21ರ ಸಮೀಕ್ಷೆಯಲ್ಲಿ 20–24 ವಯಸ್ಸಿನ ಮಹಿಳೆಯರ ಪೈಕಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ ಶೇಕಡಾ 21.3, ಮಹಾರಾಷ್ಟ್ರದಲ್ಲಿ ಶೇಕಡಾ 21.9. ಕಬ್ಬು ಕಡಿಯುವವರ ಮಕ್ಕಳಿಗಾಗಿ ಮಹಾರಾಷ್ಟ್ರವು 2021ರಲ್ಲಿ ರೂಪಿಸಿದ ವಸತಿನಿಲಯಗಳ ಯೋಜನೆ ಈ ದೃಷ್ಟಿಯಿಂದ ಗಮನಾರ್ಹ. ಅದು ಮದುವೆಯನ್ನು ನಿಷೇಧಿಸುವುದಿಲ್ಲ. ಮದುವೆಗೆ ದೂಡುವ ಭಯಗಳಲ್ಲಿ ಒಂದನ್ನು ಕಳೆಯುತ್ತದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಬಡತನವು ಮದುವೆಯ ಮೇಲೆ ಬೀರುವ ಪ್ರಭಾವ ಏಕರೂಪವಲ್ಲ. ಹಣವು ಹೆಣ್ಣಿನ ಮನೆಗೆ ಬರುತ್ತದೆಯೋ ಅಲ್ಲಿಂದ ಹೋಗುತ್ತದೆಯೋ ಎಂಬುದನ್ನು ಅದು ಅವಲಂಬಿಸಿದೆ. ಹತ್ತಿರದ ನಂಟಾಗಲಿ ದೂರದ ನಂಟಾಗಲಿ ಕೇವಲ ಸಂಪ್ರದಾಯದ ಕುರುಡು ಅನುಸರಣೆಯಲ್ಲ, ಕೊರತೆಯ ನಡುವೆ ಬದುಕುವವರ ಲೆಕ್ಕಾಚಾರವೂ ಹೌದು. ತೆರ, ಹುಂಡಾ, ಉಚಲಗಳೆಂಬ ಮೂರು ಪದ್ಧತಿಗಳಲ್ಲಿ ಹಣದ ದಾರಿ ಬೇರೆಯಾದರೂ ಅದು ವಧುವಿನ ಕೈಯನ್ನು ಮುಟ್ಟದೆ ಹಾದುಹೋಗುವುದು ಮಾತ್ರ ಸಮಾನ. ಸೋಮಾಲಿಗಳ ಮೆಹರ್ ತತ್ವದ ಮಟ್ಟಿಗಾದರೂ ಈ ಕೊರತೆಯನ್ನು ಗುರುತಿಸಿದೆ.

ದೌಂಡದಿಂದ ಕೆಳಗಿಳಿದ ಭೀಮೆಯು ಎರಡು ನುಡಿಗಳ, ಎರಡು ಬಂಧುತ್ವ ಪದ್ಧತಿಗಳ ನಾಡುಗಳನ್ನು ಹಾಯ್ದು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ಕಣಿವೆಯ ಮದುವೆಗಳನ್ನು ಕನ್ನಡದ್ದು, ಮರಾಠಿಯದು ಎಂದು ಬೇರ್ಪಡಿಸಿ ಅಭ್ಯಸಿಸುವುದಕ್ಕಿಂತ ನೀರಿದ್ದವರದು, ನೀರಿಲ್ಲದವರದು ಎಂದು ನೋಡುವುದು ಹೆಚ್ಚು ಫಲಪ್ರದ. ಜಾನಪದ, ನಾಟಕ, ಗಾದೆಗಳನ್ನು ಕೈಯಲ್ಲಿಟ್ಟುಕೊಂಡು ಕಂದಾಯ, ಕೂಲಿ, ಸಾಲಗಳ ದಾಖಲೆಗಳನ್ನು ಓದುವ ಅಧ್ಯಯನಗಳು ಈ ದಿಕ್ಕಿನಲ್ಲಿ ಬೆಳೆಯಬೇಕಾಗಿವೆ. ಮಗಳ ದುಡಿಮೆಯ ಲೆಕ್ಕವನ್ನು ಅವಳ ಹೆಸರಿನಲ್ಲಿಯೇ ಬರೆಯುವ ದಿನ ಬಂದಾಗ ಮಾತ್ರ ಬಡ ಮನೆಯ ಮದುವೆಯಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥ ಬಂದೀತು.